ಸ್ಪ್ಯಾನಿಷ್ ಸಾಹಿತ್ಯದ ಮೊದಲ ಕೋರ್ಸ್: ಯಾವ ಬಾಗಿಲಿನಿಂದ ಒಳಗೆ ಹೋಗಬೇಕು?

ಅಮೆರಿಕದ ಕಾಲೇಜುಗಳಲ್ಲಿ ನಾಲ್ಕು ಸೆಮಿಸ್ಟರ್ ಸ್ಪ್ಯಾನಿಷ್ ಕಲಿತು ಮುಗಿಸಿದವರಿಗೆ ಮುಂದಿನ ಮೆಟ್ಟಿಲು ಸಾಮಾನ್ಯವಾಗಿ ಸಾಹಿತ್ಯದ ಪ್ರವೇಶ ಕೋರ್ಸ್. ಅಲ್ಲಿಯವರೆಗೆ ಓದಿದ್ದು ಕಲಿಯುವವರಿಗೆಂದೇ ಅಳೆದು ಬರೆದ ಅರ್ಧ ಪುಟದ ಪಾಠ. ಇನ್ನು ಮುಂದೆ ಓದಬೇಕಾದದ್ದು ಸ್ಪ್ಯಾನಿಷ್ ಮನೆಮಾತಿನವರಿಗಾಗಿ ಬರೆದ ಕಥೆ, ಕವಿತೆ, ನಾಟಕ. ಭಾಷೆಯ ತರಗತಿಗಳಲ್ಲಿ ಒಳ್ಳೆಯ ಅಂಕ ಬಂದವರೂ ಇಲ್ಲಿ ಮೊದಲ ತಿಂಗಳು ತಡವರಿಸುವುದುಂಟು. ಅವರಲ್ಲಿ ಬಹಳ ಮಂದಿಗೆ ವ್ಯಾಕರಣದಲ್ಲಿ ಕೊರತೆಯಿರುವುದಿಲ್ಲ. ತಮ್ಮ ಓದಿನ ಅಳವಿಗೆ ಹೊಂದದ ಕೋರ್ಸನ್ನು ಆರಿಸಿಕೊಂಡಿರುತ್ತಾರೆ, ಅಷ್ಟೆ.

ಒಂದೇ ವಿಭಾಗದ ಪಟ್ಟಿಯಲ್ಲಿ ನಾಲ್ಕೈದು ಬಗೆಯ ಕೋರ್ಸುಗಳು ಅಕ್ಕಪಕ್ಕ ಇರುತ್ತವೆ: ಕಥೆ, ಕವಿತೆ, ನಾಟಕ, ಪ್ರಬಂಧ ಎಂದು ಪ್ರಕಾರವಾರು ಓದಿಸುವುದು, ಶತಮಾನದಿಂದ ಶತಮಾನಕ್ಕೆ ಸಾಗುವ ಸಮೀಕ್ಷೆ, ಮನೆಯಲ್ಲೇ ಸ್ಪ್ಯಾನಿಷ್ ಆಡಿ ಬೆಳೆದವರ ವಿಭಾಗ, ಇಂಗ್ಲಿಷ್ ಅನುವಾದದಲ್ಲಿ ಓದಿಸುವ ಕೋರ್ಸ್. ಹೈಸ್ಕೂಲಿನಲ್ಲೇ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದರೆ ಕಾಲೇಜು ಮಟ್ಟದ) ಸ್ಪ್ಯಾನಿಷ್ ಸಾಹಿತ್ಯ ಪರೀಕ್ಷೆ ಬರೆದು ಈ ಮೆಟ್ಟಿಲನ್ನು ದಾಟುವ ದಾರಿಯೂ ಇದೆ. ಪಟ್ಟಿಯಲ್ಲಿ ಪರಿಚಿತ ಲೇಖಕರ ಹೆಸರು ಕಂಡಿತೆಂದು ಆರಿಸಬೇಡಿ. ವಾರಕ್ಕೆ ಎಷ್ಟು ಪುಟ, ಕೃತಿ ಪೂರ್ತಿಯೋ ತುಣುಕೋ, ಬರೆದ ಪ್ರಬಂಧವನ್ನು ತಿದ್ದಿ ಮತ್ತೆ ಬರೆಯಲು ಕೊಡುತ್ತಾರೋ ಇಲ್ಲವೋ, ಈ ಮೂರನ್ನು ಮೊದಲು ನೋಡಿ. ಈ ಅಳತೆಯಲ್ಲಿ, ಸ್ಪ್ಯಾನಿಷನ್ನು ತರಗತಿಯಲ್ಲೇ ಕಲಿತವರಿಗೆ ಪ್ರಕಾರವಾರು ಕೋರ್ಸೇ ಮೊದಲು ಬರಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪ್ರಕಾರವಾರು ಕೋರ್ಸ್

ಇದರ ಹೆಸರು ಬಹಳ ಕಡೆ 'ಇಂತ್ರೊದುಕ್ಸಿಯೋನ್ ಅಲ್ ಅನಾಲಿಸಿಸ್ ಲಿತೆರಾರಿಯೊ', ಅಂದರೆ ಸಾಹಿತ್ಯ ವಿಶ್ಲೇಷಣೆಗೆ ಪ್ರವೇಶ. ಬಹುಕಾಲದಿಂದ ಬಳಕೆಯಲ್ಲಿರುವ 'ಅಪ್ರೊಕ್ಸಿಮಾಸಿಯೋನೆಸ್' ಎಂಬ ಪಠ್ಯಪುಸ್ತಕ ಈ ಕ್ರಮದ್ದೇ: ಕಥನ, ಕಾವ್ಯ, ನಾಟಕ, ಪ್ರಬಂಧ ಎಂದು ನಾಲ್ಕು ಭಾಗ, ಪ್ರತಿ ಭಾಗದ ಮೊದಲಿಗೆ ಆ ಪ್ರಕಾರವನ್ನು ಓದುವ ಬಗೆ, ಬಳಿಕ ಕೃತಿಗಳು. ಹೆಚ್ಚಿನವು ಸಣ್ಣವಾದ್ದರಿಂದ ಪೂರ್ತಿಯಾಗಿಯೇ ಓದಲು ಸಿಗುತ್ತವೆ. ಐದು ಪುಟದ ಕಥೆಯನ್ನು ಮೂರು ಸಲ ಓದಬಹುದು. ಐವತ್ತು ಪುಟದ್ದನ್ನು ಮೂರು ಸಲ ಓದುವಷ್ಟು ಬಿಡುವು ಸೆಮಿಸ್ಟರಿನಲ್ಲಿ ಯಾರಿಗೂ ಇರುವುದಿಲ್ಲ.

ಮೊದಲ ವಾರಗಳಿಗೆ ಮೆಕ್ಸಿಕೊದ ಹುವಾನ್ ರುಲ್ಫೊ ಅವರ 'ನೊ ಓಯೆಸ್ ಲದ್ರಾರ್ ಲೊಸ್ ಪೆರ್ರೊಸ್' ಇಟ್ಟಿರುವ ಸಿಲಬಸ್ ಕಂಡರೆ ಅದು ಒಳ್ಳೆಯ ಗುರುತು. 1953ರ 'ಎಲ್ ಯಾನೊ ಎನ್ ಯಾಮಾಸ್' ಸಂಕಲನದ ಕಥೆ ಅದು. ರಾತ್ರಿ ಹೊತ್ತು ತಂದೆಯೊಬ್ಬ ಗಾಯಗೊಂಡ ಮಗನನ್ನು ಹೆಗಲ ಮೇಲೆ ಹೊತ್ತು ವೈದ್ಯರಿರುವ ಊರಿಗೆ ನಡೆಯುತ್ತಾನೆ. ಪದಗಳು ಸರಳ, ಹೆಚ್ಚಿನ ಭಾಗ ಮಾತುಕತೆ. ಆದರೆ ನಡುದಾರಿಯಲ್ಲಿ, ಮಗನ ತಪ್ಪುಗಳನ್ನೆತ್ತಿ ಆಡುವಾಗ, ಅಪ್ಪ ಅಲ್ಲಿಯವರೆಗಿನ 'ತೂ' ಬಿಟ್ಟು 'ಉಸ್ತೆದ್' ಎನ್ನತೊಡಗುತ್ತಾನೆ. ಎರಡಕ್ಕೂ 'ಯೂ' ಒಂದನ್ನೇ ಹೇಳುವ ಇಂಗ್ಲಿಷ್ ಓದುಗನಿಗೆ ಇದನ್ನು ಅಡಿಟಿಪ್ಪಣಿಯಲ್ಲಿ ವಿವರಿಸಬೇಕಾಗುತ್ತದೆ. ಮುನಿದ ಅಪ್ಪ ಮಗನಿಗೆ 'ನೀವು' ಎಂದರೆ ಅದು ಗೌರವವಲ್ಲ, ದೂರ ತಳ್ಳಿದ್ದು ಎಂಬುದು ಕನ್ನಡದ ಮನೆಯಲ್ಲಿ ಬೆಳೆದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇಂಥ ಅನುಕೂಲಗಳು ಕನ್ನಡಿಗರಿಗೆ ಇನ್ನೂ ಇವೆ. 'ಮೆ ಗುಸ್ತಾ ಎಲ್ ಕಾಫೆ' ಎಂಬ ರಚನೆ ಇಂಗ್ಲಿಷ್ ಮಾತಿನವರನ್ನು ವರ್ಷಗಟ್ಟಲೆ ಕಾಡುತ್ತದೆ. ನಮಗದು 'ನನಗೆ ಕಾಫಿ ಇಷ್ಟ'. ಕಥನದಲ್ಲಿ ಪ್ರೆತೆರಿತೊ, ಇಂಪೆರ್ಫೆಕ್ತೊ ಎಂಬ ಎರಡು ಭೂತಕಾಲಗಳ ಆಟವೂ ಅಷ್ಟೇ: ಮೊದಲನೆಯದು 'ಬಂದ', ಎರಡನೆಯದು 'ಬರುತ್ತಿದ್ದ'. ದಿನಾ ಬರುತ್ತಿದ್ದ ಎಂಬ ರೂಢಿಗೂ ಆಗ ಬರುತ್ತಿದ್ದ ಎಂಬ ನಡೆಯುತ್ತಿರುವ ಕ್ರಿಯೆಗೂ ನಮ್ಮ ಒಂದೇ ರೂಪ ಸಾಲುವಂತೆ ಇಂಪೆರ್ಫೆಕ್ತೊ ಕೂಡ ಎರಡನ್ನೂ ಹೇಳುತ್ತದೆ. ವ್ಯಕ್ತಿ ಕರ್ಮವಾದಾಗ ಅದಕ್ಕೆ ಮುಂಚೆ ಬರುವ 'ಆ' ಎಂಬ ಪುಟ್ಟ ಪದವೂ ಅಪರಿಚಿತವಲ್ಲ. 'ಪುಸ್ತಕ ನೋಡಿದೆ' ಎನ್ನುತ್ತೇವೆ, ಆದರೆ 'ಮಗುವನ್ನು ನೋಡಿದೆ' ಎಂದು ವಿಭಕ್ತಿ ಹಚ್ಚುತ್ತೇವಲ್ಲ, ಹಾಗೆ. ಸ್ಪ್ಯಾನಿಷನ್ನು ಇಂಗ್ಲಿಷಿನ ಮೂಲಕ ಕಲಿತ ಕನ್ನಡಿಗರು ಓದುವಾಗ ಮನಸ್ಸಿನಲ್ಲಿ ಇಂಗ್ಲಿಷಿಗೇ ತಿರುಗಿಸಿಕೊಳ್ಳುತ್ತಾರೆ. ಅದನ್ನು ಬಿಟ್ಟು ಕನ್ನಡಕ್ಕೆ ತಿರುಗಿಸಿ ನೋಡಿದರೆ ಎಷ್ಟೋ ವಾಕ್ಯಗಳ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಒಂದು ಕಡೆ ಮಾತ್ರ ಕನ್ನಡವೇ ಮೋಸ ಮಾಡುತ್ತದೆ. ಎರಡೂ ಭಾಷೆಗಳಲ್ಲಿ ಕರ್ತೃಪದ ಬಿಡಬಹುದು, ಯಾರೆಂದು ಕ್ರಿಯಾಪದ ಹೇಳುತ್ತದೆ. ನಮ್ಮಲ್ಲಿ 'ಬಂದ', 'ಬಂದಳು', 'ಬಂತು' ಬೇರೆ ಬೇರೆ. ಸ್ಪ್ಯಾನಿಷಿನ 'ವಿನೊ' ಅವನೂ ಆಗಬಹುದು, ಅವಳೂ ಆಗಬಹುದು, ಅದೂ ಆಗಬಹುದು, 'ಉಸ್ತೆದ್' ಎಂಬ ನೀವೂ ಆಗಬಹುದು. ಸಾಲದ್ದಕ್ಕೆ ಕರ್ತೃ ಎಷ್ಟೋ ಸಲ ಕ್ರಿಯಾಪದ ಆದ ಮೇಲೆ ಬರುತ್ತದೆ. ಮೊದಲ ತಿಂಗಳ ತಪ್ಪು ಓದುಗಳಲ್ಲಿ ದೊಡ್ಡ ಪಾಲು ಯಾರು ಮಾಡಿದ್ದು, ಯಾರಿಗೆ ಮಾಡಿದ್ದು ಎಂಬುದರದೇ. ಪ್ರತಿ ಪ್ಯಾರಾದಲ್ಲಿ ಕ್ರಿಯಾಪದಗಳಿಗೆ ಗೆರೆ ಎಳೆದು ಅಂಚಿನಲ್ಲಿ ಕರ್ತೃವಿನ ಹೆಸರು ಬರೆಯುವ ಅಭ್ಯಾಸ ಮೂರು ವಾರ ಮಾಡಿದರೆ ಕಣ್ಣು ಪಳಗುತ್ತದೆ.

ಕಾವ್ಯದ ಭಾಗಕ್ಕೆ ಎಲ್ಲರೂ ಹೆದರುತ್ತಾರೆ. ಛಂದಸ್ಸಿನ ಲೆಕ್ಕ ಹೆದರುವಷ್ಟು ಕಠಿಣವಲ್ಲ. ಲಘು ಗುರು ಇಲ್ಲ, ಗಣವಿಲ್ಲ, ಉಚ್ಚಾರದ ಘಟಕಗಳನ್ನು ಮಾತ್ರ ಎಣಿಸಬೇಕು. ನಿಯಮಗಳು ಎರಡು. ಒಂದು ಪದದ ಕೊನೆಯ ಸ್ವರವೂ ಮುಂದಿನ ಪದದ ಮೊದಲ ಸ್ವರವೂ ಕೂಡಿ ಒಂದೇ ಘಟಕವಾಗುತ್ತವೆ. ಇದಕ್ಕೆ ಸಿನಲೆಫಾ ಎಂದು ಹೆಸರು. ನಮ್ಮ ಲೋಪಸಂಧಿಯಲ್ಲಿ ಒಂದು ಸ್ವರ ಬಿದ್ದುಹೋಗುತ್ತದೆ, ಇಲ್ಲಿ ಎರಡೂ ಉಳಿದು ಒಂದೇ ಉಸಿರಿನಲ್ಲಿ ಬರುತ್ತವೆ. ಎರಡನೆಯದು, ಸಾಲಿನ ಕೊನೆಯ ಪದದಲ್ಲಿ ಒತ್ತು ಎಲ್ಲಿ ಎಂಬುದು. ಕೊನೆಯ ಘಟಕದ ಮೇಲಿದ್ದರೆ ಒಂದು ಕೂಡಿಸಿ, ಅದರ ಹಿಂದಿನದರ ಮೇಲಿದ್ದರೆ ಬಂದಷ್ಟೇ, ಇನ್ನೂ ಒಂದು ಹಿಂದಿದ್ದರೆ ಒಂದು ಕಳೆಯಿರಿ.

1695ರಲ್ಲಿ ತೀರಿಕೊಂಡ ಮೆಕ್ಸಿಕೊದ ಸನ್ಯಾಸಿನಿ ಕವಿ ಸೋರ್ ಹುವಾನಾ ಇನೆಸ್ ದೆ ಲಾ ಕ್ರೂಸ್ ಅವರ ಹೆಸರಾಂತ ಕವಿತೆಯ ಮೊದಲ ಸಾಲು ನೋಡಿ: 'ಓಂಬ್ರೆಸ್ ನೆಸಿಯೊಸ್ ಕೆ ಅಕುಸಾಯಿಸ್'. ಹೆಣ್ಣನ್ನು ವಿನಾಕಾರಣ ದೂರುವ ಮೂಢ ಗಂಡಸರನ್ನು ನೇರವಾಗಿ ಕರೆದು ಮಾತಾಡಿಸುವ ಸಾಲು. ಎಣಿಸಿದರೆ: ಓಂ, ಬ್ರೆಸ್, ನೆ, ಸ್ಯೊಸ್, ಕೆಅ, ಕು, ಸಾಯ್ಸ್. ಏಳು ಬಂತು, 'ಕೆ' ಮತ್ತು 'ಅ' ಸೇರಿ ಒಂದಾಗಿವೆ. ಒತ್ತು ಕೊನೆಯ 'ಸಾಯ್ಸ್' ಮೇಲಿರುವುದರಿಂದ ಒಂದು ಕೂಡಿಸಿ ಎಂಟು. ಮುಂದಿನ ಸಾಲು 'ಆ ಲಾ ಮುಹೆರ್ ಸಿನ್ ರಾಸೋನ್' ಕೂಡ ಏಳಕ್ಕೆ ಒಂದು ಸೇರಿ ಎಂಟು. ನಾಲ್ಕು ಸಾಲುಗಳಲ್ಲಿ ಒಂದನೆಯದು ನಾಲ್ಕನೆಯದರ ಜೊತೆ, ಎರಡನೆಯದು ಮೂರನೆಯದರ ಜೊತೆ ಪ್ರಾಸವಾಗುತ್ತದೆ. ಈ ಪದ್ಯಬಂಧಕ್ಕೆ ರೆದೊಂದಿಯಾ ಎನ್ನುತ್ತಾರೆ. ಪ್ರಾಸ ಹುಡುಕುವಾಗ ಹಳಗನ್ನಡದ ಎರಡನೆಯ ಅಕ್ಷರದ ಪ್ರಾಸವನ್ನು ಮರೆತು ಸಾಲಿನ ತುದಿಗೆ ಹೋಗಬೇಕು. ಕೊನೆಯ ಒತ್ತಿನ ಸ್ವರದಿಂದ ಹಿಡಿದು ತುದಿಯವರೆಗೆ ಸ್ವರ ವ್ಯಂಜನ ಎಲ್ಲವೂ ಹೊಂದಿದರೆ ಕೊನ್ಸೊನಾಂತೆ, ಸ್ವರಗಳು ಮಾತ್ರ ಹೊಂದಿದರೆ ಅಸೊನಾಂತೆ.

ಆದರೆ ಎಂಟು ಎಂದು ಬರೆದು ನಿಲ್ಲಿಸಿದರೆ ಅಂಕ ಬರುವುದಿಲ್ಲ. ಎಂಟರ ಸಾಲು ಸ್ಪ್ಯಾನಿಷ್ ಜನಪದ ಲಾವಣಿಗಳ ಸಾಲು, ಕಿವಿಗೆ ಹಗುರ, ಬಾಯಲ್ಲಿ ಉಳಿಯುತ್ತದೆ. ಅಂಥ ಧಾಟಿಯಲ್ಲಿ ಅಷ್ಟು ಬಿಗಿಯಾದ ವಾದವನ್ನು ಕೂರಿಸಿದ್ದರಿಂದ ಏನಾಯಿತು ಎಂಬ ಪ್ರಶ್ನೆಗೆ ಉತ್ತರ ಬರೆದಾಗಲೇ ಎಣಿಕೆ ವಿಶ್ಲೇಷಣೆಯಾಗುವುದು.

ನಾಟಕಕ್ಕೆ ಈ ಕೋರ್ಸುಗಳು ಹೆಚ್ಚಾಗಿ ಸ್ಪೇನಿನ ಫೆದೆರಿಕೊ ಗಾರ್ಸಿಯಾ ಲೋರ್ಕಾ ಅವರ 'ಲಾ ಕಾಸಾ ದೆ ಬೆರ್ನಾರ್ದಾ ಅಲ್ಬಾ' ಹಿಡಿಯುತ್ತವೆ. ಮೂರು ಅಂಕ, ಗದ್ಯ ಸಂಭಾಷಣೆ, ರಂಗದ ಮೇಲೆ ಬರುವವರೆಲ್ಲ ಹೆಂಗಸರು. 1936ರಲ್ಲಿ, ಲೇಖಕರು ಕೊಲೆಯಾಗುವ ಕೆಲವೇ ವಾರ ಮುಂಚೆ ಬರೆದು ಮುಗಿಸಿದ ಈ ನಾಟಕ ರಂಗಕ್ಕೆ ಬಂದದ್ದು 1945ರಲ್ಲಿ, ಬ್ಯೂನಸ್ ಐರಿಸಿನಲ್ಲಿ. ಗಂಡ ಸತ್ತ ಮನೆಯಲ್ಲಿ ಎಂಟು ವರ್ಷದ ಸೂತಕ ಸಾರುವ ತಾಯಿ, ಮದುವೆಯಾಗದ ಹೆಣ್ಣುಮಕ್ಕಳು, ಕಿಟಕಿಯಾಚೆಗಿನ ಊರಿನ ಬಾಯಿ. ಇದರ ಬದಲು ಹದಿನೇಳನೆಯ ಶತಮಾನದ ಪದ್ಯನಾಟಕವೊಂದನ್ನು ಪೂರ್ತಿ ಇಟ್ಟಿದ್ದರೆ ಅದು ಮೊದಲ ಕೋರ್ಸಿಗೆ ಭಾರ. ಅಂಥವು ಮೂರು ಸಾವಿರ ಸಾಲಿನ ಆಸುಪಾಸು ಇರುತ್ತವೆ, ವಾಕ್ಯದ ಪದಗಳು ಪ್ರಾಸಕ್ಕಾಗಿ ಸ್ಥಾನ ಬದಲಿಸಿರುತ್ತವೆ.

ಈ ಕೋರ್ಸಿನ ಕೊರತೆ ಕಾಲದ ಸರಪಳಿ ಕಾಣದಿರುವುದು. ಹದಿನಾರನೆಯ ಶತಮಾನದ ಸಾನೆಟ್ ಪಕ್ಕದಲ್ಲೇ ಇಪ್ಪತ್ತನೆಯ ಶತಮಾನದ ಕವಿತೆ ಬರುತ್ತದೆ, ನಡುವೆ ಏನು ನಡೆಯಿತೆಂದು ತಿಳಿಯುವುದಿಲ್ಲ. ಅದನ್ನು ಮುಂದಿನ ಕೋರ್ಸು ತುಂಬುತ್ತದೆ.

ಸಮೀಕ್ಷೆಯ ಕೋರ್ಸ್

ಸಮೀಕ್ಷೆಗಳು ಎರಡು ಕವಲು: ಸ್ಪೇನಿನದು ಒಂದು, ಲ್ಯಾಟಿನ್ ಅಮೆರಿಕದ್ದು ಇನ್ನೊಂದು. ಪ್ರತಿಯೊಂದನ್ನೂ ಮತ್ತೆ ಎರಡಾಗಿ ಸೀಳುವುದು ರೂಢಿ. ಸ್ಪೇನಿನದಕ್ಕೆ 1700ರ ಹೊತ್ತು ಗಡಿಯಾದರೆ, ಲ್ಯಾಟಿನ್ ಅಮೆರಿಕದ್ದಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಮೊದೆರ್ನಿಸ್ಮೊ ಎಂಬ ಸಾಹಿತ್ಯ ಚಳವಳಿ.

ಇಲ್ಲಿ ಎಡವುವುದು ಎರಡು ಕಾರಣಕ್ಕೆ. ಕಾಲಾನುಕ್ರಮದಲ್ಲಿ ಹೋಗುವುದರಿಂದ ಅತಿ ಕಠಿಣ ಭಾಷೆ ಅತಿ ಮೊದಲು ಬರುತ್ತದೆ. ಇದು ಕನ್ನಡ ಕಲಿಯುವವರಿಗೆ ಮೊದಲ ದಿನ ಪಂಪಭಾರತ ಕೊಟ್ಟ ಹಾಗೆ. ಎರಡನೆಯದಾಗಿ, ಐದಾರು ಶತಮಾನ ದಾಟಬೇಕಾದ್ದರಿಂದ ಕೃತಿಗಳು ತುಣುಕುಗಳಾಗಿ ಸಿಗುತ್ತವೆ. ತುಣುಕಿನಲ್ಲಿ ನಿರೂಪಕನನ್ನು ಹಿಡಿಯುವುದು ಕಷ್ಟ. 1554ರ 'ಲಾಸಾರಿಯೊ ದೆ ತೋರ್ಮೆಸ್' ಎಂಬ ಕಿರುಕಾದಂಬರಿ ತೆಗೆದುಕೊಳ್ಳಿ. ಕುರುಡನ ಜೊತೆಗಿನ ಮೊದಲ ಅಧ್ಯಾಯ ಮಾತ್ರ ಓದಿದವರಿಗೆ ಅದು ತುಂಟ ಹುಡುಗನ ಕಥೆ. ಮುನ್ನುಡಿ ಮತ್ತು ಏಳನೆಯ ಅಧ್ಯಾಯ ಸೇರಿಸಿ ಓದಿದರೆ ಅದು ದೊಡ್ಡವರೊಬ್ಬರು ಕೇಳಿದ ವಿವರಣೆಗೆ ಬೆಳೆದ ಗಂಡಸು ಬರೆದ ಉತ್ತರ ಎಂದು ತಿಳಿಯುತ್ತದೆ, ಮೊದಲ ಅಧ್ಯಾಯದ ಬಣ್ಣವೇ ಬದಲಾಗುತ್ತದೆ. ಆ ದೊಡ್ಡವರನ್ನು ಅವನು ಕರೆಯುವ 'ವುಯೆಸ್ತ್ರಾ ಮೆರ್ಸೆದ್', ನಮ್ಮ 'ತಾವು' ಇದ್ದಂತೆ. ಅದೇ ಸವೆದು ಇಂದಿನ 'ಉಸ್ತೆದ್' ಆಯಿತು.

ಸ್ಪ್ಯಾನಿಷ್ ಮೇಜರ್, ಅಂದರೆ ಪದವಿಯ ಮುಖ್ಯ ವಿಷಯವಾಗಿ ಸ್ಪ್ಯಾನಿಷ್, ಮಾಡುವವರಿಗೆ ಸಮೀಕ್ಷೆ ತಪ್ಪಿದ್ದಲ್ಲ, ತಪ್ಪಿಸಲೂಬಾರದು. ಒಂದೇ ಸೆಮಿಸ್ಟರಿನಲ್ಲಿ ಬೇಕೆಂದರೆ ಲ್ಯಾಟಿನ್ ಅಮೆರಿಕದ ಎರಡನೆಯ ಭಾಗ, ಅಂದರೆ ಮೊದೆರ್ನಿಸ್ಮೊದಿಂದ ಈಚಿನದು, ಹೊಸಬರಿಗೆ ಹತ್ತಿರ. ಭಾಗಗಳನ್ನು ಹಿಂದುಮುಂದಾಗಿ ತೆಗೆದುಕೊಳ್ಳಲು ವಿಭಾಗ ಬಿಡುತ್ತದೆಯೇ ಎಂದು ಮೊದಲೇ ಕೇಳಿ.

ಎಪಿ ಪರೀಕ್ಷೆ

ಎಪಿ ಸ್ಪ್ಯಾನಿಷ್ ಸಾಹಿತ್ಯ ಮತ್ತು ಸಂಸ್ಕೃತಿಯಲ್ಲಿ 38 ಕೃತಿಗಳ ನಿಗದಿತ ಪಟ್ಟಿಯಿದೆ, ಮಧ್ಯಯುಗದಿಂದ ಈಚಿನವರೆಗೆ, ಆರು ವಿಷಯಗಳ ಅಡಿಯಲ್ಲಿ. ಬಹುಕಾಲ ನಡೆದುಬಂದ ಮಾದರಿಯಲ್ಲಿ ಪರೀಕ್ಷೆ ಮೂರು ಗಂಟೆಯದು: 65 ಬಹುಆಯ್ಕೆಯ ಪ್ರಶ್ನೆ, ನಾಲ್ಕು ಬರವಣಿಗೆ. ಬರವಣಿಗೆಗಳಲ್ಲೊಂದು ಸಾಹಿತ್ಯದ ತುಣುಕನ್ನು ಚಿತ್ರಕಲೆಯಂಥ ಕಲಾಕೃತಿಯೊಂದಿಗೆ ಹೋಲಿಸುವುದು. ಎಪಿ ಸ್ಪ್ಯಾನಿಷ್ ಭಾಷೆಯ ಪರೀಕ್ಷೆಯೇ ಬೇರೆ. ಅದರಲ್ಲಿ ಒಳ್ಳೆಯ ಅಂಕ ಬಂದರೆ ಅನೇಕ ಕಾಲೇಜುಗಳು ಸಾಹಿತ್ಯದ ಪ್ರವೇಶ ಕೋರ್ಸಿಗೆ ನೇರವಾಗಿ ಸೇರಿಸಿಕೊಳ್ಳುತ್ತವೆ, ಕೋರ್ಸಿನಿಂದ ವಿನಾಯಿತಿ ಕೊಡುವುದಿಲ್ಲ. ಮಕ್ಕಳ ಪರವಾಗಿ ಲೆಕ್ಕ ಹಾಕುವ ತಂದೆತಾಯಿ ಈ ಎರಡು ಪರೀಕ್ಷೆಗಳನ್ನು ಬೆರೆಸಿಕೊಳ್ಳುವುದು ಸಾಮಾನ್ಯ. ಯಾವ ಅಂಕಕ್ಕೆ ಕ್ರೆಡಿಟ್, ಯಾವುದಕ್ಕೆ ಬರೀ ಮೇಲಿನ ತರಗತಿ ಎಂಬುದು ಕಾಲೇಜಿನಿಂದ ಕಾಲೇಜಿಗೆ ಬೇರೆ.

38 ಕೃತಿಗಳನ್ನೂ ಮೂಲದಲ್ಲೇ ಓದಿ ಗರಿಷ್ಠವಾದ 5 ಅಂಕ ತಂದವರು ಪ್ರವೇಶ ಕೋರ್ಸನ್ನು ಬಿಟ್ಟು ಸಮೀಕ್ಷೆಗೆ ಹೋಗಬಹುದು. ಸಾರಾಂಶಗಳನ್ನು ಉರುಹೊಡೆದು ಗಡಿಯ ಅಂಕ ತಂದವರು ಬಿಡದಿರುವುದು ಮೇಲು. ಪರೀಕ್ಷೆಯ ಬರವಣಿಗೆ ಗಡಿಯಾರದ ಎದುರಿನದು. ನಾಲ್ಕೈದು ಪುಟದ ಪ್ರಬಂಧವನ್ನು ಕರಡು ಮಾಡಿ, ತಿದ್ದಿಸಿಕೊಂಡು, ಮತ್ತೆ ಬರೆಯುವ ಕೆಲಸವನ್ನು ಅದು ಕಲಿಸುವುದಿಲ್ಲ. ಮುಂದಿನ ಕೋರ್ಸುಗಳೆಲ್ಲ ನಿಂತಿರುವುದು ಆ ಕೆಲಸದ ಮೇಲೆ.

ಉಳಿದ ದಾರಿಗಳು

ಮನೆಮಾತು ಸ್ಪ್ಯಾನಿಷ್ ಇರುವವರ ವಿಭಾಗದ ಕಷ್ಟ ಬೇರೆ ಬಗೆಯದು. ಅವರು ಸಂಭಾಷಣೆಯನ್ನು ಕೇಳಿದ ಹಾಗೆ ಓದುತ್ತಾರೆ, ಆದರೆ ಒತ್ತಿನ ಚಿಹ್ನೆ ಮತ್ತು ಗ್ರಾಂಥಿಕ ಬರವಣಿಗೆಯಲ್ಲಿ ತಡೆದು ನಿಲ್ಲುತ್ತಾರೆ. ನ್ಯೂಜೆರ್ಸಿಯಲ್ಲಿ ಬೆಳೆದು ಮನೆಯಲ್ಲಿ ಚೆನ್ನಾಗಿ ಕನ್ನಡ ಆಡುವ, ಆದರೆ ಕನ್ನಡ ಪುಸ್ತಕ ಬಿಚ್ಚಲಾಗದ ಮಕ್ಕಳನ್ನು ನೆನೆದರೆ ಇದು ಅರ್ಥವಾಗುತ್ತದೆ. ತರಗತಿಯಲ್ಲಿ ಭಾಷೆ ಕಲಿತವರು ಈ ವಿಭಾಗಕ್ಕೆ ಸೇರುವ ಹಾಗಿಲ್ಲ. ಇಬ್ಬರೂ ಒಟ್ಟಿಗಿರುವ ತರಗತಿಯಾದರೆ ಅವರ ಮಾತಿನ ವೇಗಕ್ಕೆ ಬೆದರಬೇಡಿ. ಪ್ರಬಂಧದ ದಿನ ಇಬ್ಬರಿಗೂ ಬೆವರು ಒಂದೇ.

ಇಂಗ್ಲಿಷ್ ಅನುವಾದದ ಕೋರ್ಸು ಸಾಹಿತ್ಯದ ತಿಳಿವಳಿಕೆಗೆ ಒಳ್ಳೆಯದು, ಸ್ಪ್ಯಾನಿಷ್ ಮೇಜರಿನ ಲೆಕ್ಕಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. ಕರ್ನಾಟಕದಲ್ಲಿ ಕೂತು ಓದುವವರಿಗೂ ಇಂಥದ್ದೊಂದು ಉಚಿತವಾಗಿ ಸಿಗುತ್ತದೆ: ಯೇಲ್ ವಿಶ್ವವಿದ್ಯಾಲಯ ಸೆರ್ವಾಂತೆಸ್ ಅವರ ಕಾದಂಬರಿ 'ದೋನ್ ಕಿಹೋತೆ' ಕುರಿತ ತನ್ನ ಕೋರ್ಸಿನ 24 ಉಪನ್ಯಾಸಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ, ಇಂಗ್ಲಿಷಿನಲ್ಲಿ. ಮೂಲ ಪಠ್ಯಗಳಿಗೆ ಸ್ಪೇನಿನ ಮಿಗೆಲ್ ದೆ ಸೆರ್ವಾಂತೆಸ್ ವರ್ಚುವಲ್ ಗ್ರಂಥಾಲಯ, ಪದಗಳಿಗೆ ಸ್ಪ್ಯಾನಿಷ್ ರಾಯಲ್ ಅಕಾಡೆಮಿಯ ನಿಘಂಟು; ಎರಡಕ್ಕೂ ಹಣ ಕೊಡಬೇಕಿಲ್ಲ. ಪ್ರಮಾಣಪತ್ರ ಬೇಕೆಂದು ದೆಲೆ ಎಂಬ ಸ್ಪ್ಯಾನಿಷ್ ಭಾಷಾ ಪರೀಕ್ಷೆ ಕಟ್ಟುವವರು ನೆನಪಿಡಬೇಕಾದ್ದು, ಅದು ಭಾಷೆಯನ್ನು ಅಳೆಯುತ್ತದೆ, ಸಾಹಿತ್ಯದ ಓದನ್ನಲ್ಲ. ಆದರೂ ಅದರ ಮಧ್ಯಮ ಹಂತಗಳಲ್ಲಿ ಬಿ1 ದಾಟಿ ಬಿ2 ಕಡೆಗೆ ಬಂದವರು ಮೇಲೆ ಹೇಳಿದ ಸಣ್ಣ ಕಥೆಗಳನ್ನು ಕೈಗೆತ್ತಿಕೊಳ್ಳಬಹುದು.

ಸಿಲಬಸ್ ಕೈಗೆ ಬಂದಾಗ

ಮೂರು ಕ್ರೆಡಿಟ್ ಕೋರ್ಸಿಗೆ ತರಗತಿಯ ಹೊರಗೆ ವಾರಕ್ಕೆ ಕನಿಷ್ಠ ಆರು ಗಂಟೆ ಎಂಬುದು ಅಮೆರಿಕದ ರೂಢಿಯ ಲೆಕ್ಕ. ನಿಘಂಟು ನೋಡುತ್ತ ಓದುವ ಹೊಸಬರಿಗೆ ಪುಟಕ್ಕೆ ಹತ್ತು ನಿಮಿಷ ಹಿಡಿಯಿರಿ. ವಾರಕ್ಕೆ 20 ಪುಟವಾದರೆ ಮೊದಲ ಓದಿಗೆ ಮೂರು ಗಂಟೆ ಇಪ್ಪತ್ತು ನಿಮಿಷ, ಎರಡನೆಯ ಓದಿಗೆ ಅದರ ಅರ್ಧ. ಐದು ಗಂಟೆಯಾಯಿತು, ಬರೆಯಲು ಒಂದು ಗಂಟೆ ಉಳಿಯಿತು. ವಾರಕ್ಕೆ 40 ಪುಟವಿದ್ದರೆ ಮೊದಲ ಓದೇ ಆರು ಗಂಟೆ ಮೀರುತ್ತದೆ. ಅಂಥ ಕೋರ್ಸಿನಲ್ಲಿ ಜನ ಅನುವಾದ ಓದಿ ತರಗತಿಗೆ ಬರುತ್ತಾರೆ, ಅಲ್ಲಿಗೆ ಕೋರ್ಸಿನ ಉದ್ದೇಶವೇ ಹೋಯಿತು. ಕ್ವಾರ್ಟರ್ ಪದ್ಧತಿಯ ಕಾಲೇಜಿನಲ್ಲಿ ಹದಿನೈದು ವಾರದ ಬದಲು ಹತ್ತೇ ವಾರ. ಅಲ್ಲಿ ಕೃತಿಗಳ ಸಂಖ್ಯೆಯೂ ಅದೇ ಪ್ರಮಾಣದಲ್ಲಿ ಇಳಿದಿದೆಯೇ ನೋಡಿ.

ನಿಮ್ಮ ಅಳವನ್ನು ಅಳೆಯಲು ಮೂರನೆಯ ವಾರದ ಪಠ್ಯದಿಂದ 300 ಪದದ ಒಂದು ಪುಟ ತೆಗೆಯಿರಿ. ಮೊದಲ ವಾರದ್ದು ಸುಲಭವಾಗಿಯೇ ಇರುತ್ತದೆ. ನಿಘಂಟಿಲ್ಲದೆ ಓದಿ, ಗೊತ್ತಿಲ್ಲದ ಪದಗಳಿಗೆ ಚುಕ್ಕೆ ಇಡಿ. ಆರರೊಳಗಿದ್ದರೆ ಹಾಯಾಗಿ ಓದುತ್ತೀರಿ. ಹದಿನೈದರವರೆಗೂ ಟಿಪ್ಪಣಿಯಿರುವ ಪುಸ್ತಕದ ನೆರವಿನಿಂದ ಸಾಗಬಹುದು. ಮೂವತ್ತು ದಾಟಿದರೆ ಇನ್ನೊಂದು ಸೆಮಿಸ್ಟರ್ ಓದು ಮತ್ತು ಬರವಣಿಗೆಯ ಸೇತುವೆ ಕೋರ್ಸ್ ತೆಗೆದುಕೊಳ್ಳುವುದು ಸೋಲಲ್ಲ. ಪುಸ್ತಕ ಕೊಳ್ಳುವಾಗಲೂ ಇದೇ ಅಳತೆ. ಕಾತೆದ್ರಾ ಪ್ರಕಾಶನದ ಕಪ್ಪು ಹೊದಿಕೆಯ ಆವೃತ್ತಿಗಳ ಟಿಪ್ಪಣಿಗಳು ಅಮೂಲ್ಯ, ಆದರೆ ಅವೂ ಸ್ಪ್ಯಾನಿಷಿನಲ್ಲೇ ಇವೆ, ಮುನ್ನುಡಿ ದೀರ್ಘ. ಮೊದಲ ವರ್ಷಕ್ಕೆ ಅಂಚಿನಲ್ಲಿ ಪದಾರ್ಥ ಕೊಟ್ಟ ವಿದ್ಯಾರ್ಥಿ ಆವೃತ್ತಿ ಸಾಕು.

ಪ್ರಬಂಧದಲ್ಲಿ ಅಂಕ ಕಳೆಯುವ ತಪ್ಪುಗಳು ಹೆಚ್ಚೇನಿಲ್ಲ, ಅವೇ ಮತ್ತೆ ಮತ್ತೆ ಬರುತ್ತವೆ. ಕಥೆಯನ್ನು ಮತ್ತೆ ಹೇಳುವುದು ಮೊದಲನೆಯದು. ಒಂದು ಪ್ಯಾರಾದಲ್ಲಿ ಪಠ್ಯದ ಒಂದು ಪದವನ್ನೂ ಉಲ್ಲೇಖಿಸದಿದ್ದರೆ ಅದು ಸಾರಾಂಶವಾಗಿರುವ ಸಂಭವವೇ ಹೆಚ್ಚು. ಕೃತಿಯಲ್ಲಿ ನಡೆಯುವುದನ್ನು ವರ್ತಮಾನಕಾಲದಲ್ಲಿ ಬರೆಯಬೇಕು. ಭೂತಕಾಲಕ್ಕೆ ಜಾರಿದ ಕೂಡಲೇ ಬರಹ ಕಥೆ ಹೇಳತೊಡಗುತ್ತದೆ. ಇನ್ನೊಂದು, 'ಕವಿ ಹೇಳುತ್ತಾನೆ' ಎಂಬುದು. ವಚನಗಳನ್ನು ಕೇಳಿ ಬೆಳೆದ ನಮಗೆ ಕವಿತೆಯ 'ನಾನು' ಕವಿಯೇ ಎಂದು ನಂಬುವುದು ಸಹಜ. ಈ ಕೋರ್ಸುಗಳಲ್ಲಿ ಕವಿತೆಯಲ್ಲಿ ಮಾತಾಡುವ ದನಿಗೆ 'ವೋಸ್ ಪೊಯೆತಿಕಾ', ಕಥೆಯಲ್ಲಿ ಹೇಳುವವನಿಗೆ 'ನರ್ರಾದೋರ್' ಎಂದೇ ಬರೆಯಬೇಕು. ಗಂಡು ಕವಿ ಹೆಣ್ಣಿನ ದನಿಯಲ್ಲಿ ಬರೆದದ್ದು ಎದುರಾದಾಗ ಈ ಎಚ್ಚರ ಏಕೆ ಬೇಕೆಂದು ಕಾಣುತ್ತದೆ.

ಅನುವಾದ ತಂತ್ರಾಂಶದ ಬಗ್ಗೆ ಸಿಲಬಸ್ ಏನು ಹೇಳುತ್ತದೆ ಎಂಬುದನ್ನೂ ಓದಿ. ಒಂದು ಪದ ನೋಡುವುದಕ್ಕೆ ಯಾರೂ ಬೇಡವೆನ್ನುವುದಿಲ್ಲ. ಪ್ಯಾರಾವನ್ನೇ ತಿರುಗಿಸಿ ಒಪ್ಪಿಸುವುದನ್ನು ಬಹಳ ಕಡೆ ನಕಲು ಎಂದೇ ಪರಿಗಣಿಸುತ್ತಾರೆ. ಸೆಮಿಸ್ಟರಿನ ಮೊದಲ ಒಂದೆರಡು ವಾರ ಕೋರ್ಸ್ ಬದಲಿಸಲು ಅವಕಾಶವಿರುತ್ತದೆ. ಅಷ್ಟರೊಳಗೆ ಮೇಲಿನ ಪುಟ ಪರೀಕ್ಷೆ ಮುಗಿಸಿ, ಅಧ್ಯಾಪಕರ ಕಚೇರಿ ವೇಳೆಯಲ್ಲಿ ಹೋಗಿ ಎರಡು ಪ್ರಶ್ನೆ ಕೇಳಿ: ಮೊದಲ ಪ್ರಬಂಧ ಯಾವ ವಾರ? ಅದನ್ನು ತಿದ್ದಿ ಮತ್ತೆ ಒಪ್ಪಿಸಬಹುದೇ? ಮೊದಲ ಪ್ರಬಂಧ ನಾಲ್ಕು ಅಥವಾ ಐದನೆಯ ವಾರದಲ್ಲಿದ್ದು, ಮತ್ತೆ ಒಪ್ಪಿಸಲು ಬಿಡುವ ಅಧ್ಯಾಪಕರಿದ್ದರೆ, ಪಟ್ಟಿಯಲ್ಲಿ ನೀವು ಬಯಸಿದ ಲೇಖಕರಿಲ್ಲದಿದ್ದರೂ ಅವರ ತರಗತಿಗೇ ಸೇರಿ.